ಆಖೈರು ಶಿಲ್ಕು

ನಮ್ಮಮ್ಮನಿಗೆ ಸೆರಗಿನ ತುದಿಯೇ ಡೈರಿ. ಹಾಲಿನವನಿಗೆ ದುಡ್ಡು ಕೊಡಬೇಕು, ಒಂದು ಗಂಟು. ಪಕ್ಕದ ಮನೆಯಿಂದ ಕಡ ತಂದ ಪಾವು ಸಕ್ಕರೆ ಹಿಂದಿರುಗಿಸಬೇಕು, ಇನ್ನೊಂದು ಗಂಟು. ಕೆಲಸ ಮುಗಿದ ಮೇಲೆ ಗಂಟು ಬಿಚ್ಚಿದರೆ ಆಯಿತು. ಪೆನ್ನು ಬೇಡ, ಕಾಗದ ಬೇಡ, ರಾತ್ರಿ ಚಾರ್ಜಿಗೆ ಹಾಕುವ ಗೋಜೂ ಇಲ್ಲ. ಇದಕ್ಕಿಂತ ಸರಳವಾದ ಏರ್ಪಾಡನ್ನು ಯಾರೂ ಕಂಡುಹಿಡಿದಿರಲಾರರು.

ಒಂದು ಮಧ್ಯಾಹ್ನ ಅಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತು ಸೆರಗಿನ ಗಂಟನ್ನೇ ದಿಟ್ಟಿಸುತ್ತಿದ್ದಳು. "ಗಂಟು ಹಾಕಿದ್ದೇನೋ ಸರಿ ಕಣೇ, ಯಾತಕ್ಕೆ ಹಾಕಿದ್ದು?" ಎಂದು ನನ್ನನ್ನು ಕೇಳಿದಳು. ನನಗೆ ಹೇಗೆ ಗೊತ್ತು? ಮನೆಮಂದಿಯೆಲ್ಲ ಸೇರಿ ಒಗಟು ಬಿಡಿಸಲು ಕೂತೆವು. ಉಪ್ಪಿನಕಾಯಿ ಜಾಡಿ ಬಿಸಿಲಿಗಿಡುವುದಾ? ಅಲ್ಲ. ಅಕ್ಕನ ಫೀಸಾ? ಕಟ್ಟಾಗಿದೆ. ಸಂಜೆ ಸೀರೆ ಬದಲಾಯಿಸುವಾಗ ಅಮ್ಮ ಗಂಟು ಬಿಚ್ಚಿ, "ಏನಿದ್ದರೂ ತಾನೇ ಬಂದು ಕೇಳುತ್ತೆ ಬಿಡು" ಅಂದಳು. ಮರುದಿನ ಬೆಳಿಗ್ಗೆ ಅದು ಬಂದೇ ಕೇಳಿತು. ತಿಪಟೂರು ಸ್ಟೇಷನ್ನಿನಲ್ಲಿ ಒಂದು ಗಂಟೆ ಕಾದು, ಕೊನೆಗೆ ಕೂಲಿಯವನ ತಲೆಯ ಮೇಲೆ ಟ್ರಂಕು ಹೊರಿಸಿಕೊಂಡು ಬಂದ ಸೋದರತ್ತೆ ಮುಖ ಊದಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರನ್ನು ಕರೆತರಲು ಯಾರನ್ನಾದರೂ ಕಳಿಸಬೇಕೆಂಬುದೇ ಆ ಗಂಟು. ಇವತ್ತಿಗೂ ನಮ್ಮ ನೆಂಟರಲ್ಲಿ ಯಾರಾದರೂ ಏನಾದರೂ ಮರೆತರೆ "ಏನು, ಗಂಟು ಬಿಚ್ಚಿಬಿಟ್ಟೆಯಾ?" ಅಂತಲೇ ಕೇಳುವುದು.

ಆ ಗಂಟಿನ ವಂಶದವಳು ನಾನು. ಮೈಸೂರಿನ ಕಾಲೇಜೊಂದರಲ್ಲಿ ಬಿ.ಕಾಂ. ಮಕ್ಕಳಿಗೆ ಲೆಕ್ಕಶಾಸ್ತ್ರ ಹೇಳಿಕೊಡುವುದು ಕಸುಬು. ಕರಿಹಲಗೆಯ ಮೇಲೆ ಡೆಬಿಟ್ಟು ಕ್ರೆಡಿಟ್ಟುಗಳನ್ನು ಪೈಸೆ ಹೆಚ್ಚುಕಮ್ಮಿಯಿಲ್ಲದೆ ಸರಿದೂಗಿಸುವ ನನ್ನ ಮನೆಯಲ್ಲಿ ಫ್ರಿಜ್ಜಿನ ಬಾಗಿಲು ಕಾಣದಷ್ಟು ಚೀಟಿಗಳು. "ಗೀಸರ್" ಅಂತ ಒಂದು. ಗೀಸರಿಗೆ ಏನು ಎಂಬುದು ಬರೆದವಳಿಗೇ ಗೊತ್ತಿಲ್ಲ. "ಅವರಿಗೆ ಫೋನ್" ಅಂತ ಇನ್ನೊಂದು. ಅವರು ಯಾರೆಂದು ಎರಡು ತಿಂಗಳು ಯೋಚಿಸಿ, ಕಡೆಗೆ ಪಾಪ ಅವರೇ ಮಾಡಿದರೆ ಮಾಡಲಿ ಎಂದು ಸುಮ್ಮನಾಗಿದ್ದೆ.

ಇಂಥ ಸ್ಥಿತಿಯಲ್ಲಿದ್ದಾಗ, ಎರಡು ವರ್ಷದ ಹಿಂದೆ, ದಸರಾ ರಜೆಗೆ ಅಕ್ಕನ ಮಗ ಬೆಂಗಳೂರಿನಿಂದ ಬಂದ. ಸಾಫ್ಟ್‌ವೇರ್‌ನವನು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಹಾಗಾಗಿ ಉಪದೇಶ ಮಾಡಲು ಅವನಿಗೆ ಧಾರಾಳ ಪುರುಸೊತ್ತು. ಫ್ರಿಜ್ಜಿನ ಮುಂದೆ ಐದು ನಿಮಿಷ ನಿಂತು, ಎಕ್ಸ್‌ರೇ ನೋಡಿದ ಡಾಕ್ಟರ ಮುಖ ಮಾಡಿಕೊಂಡು, "ಚಿಕ್ಕಮ್ಮ, ನಿಮಗೆ ಜಿಟಿಡಿ ಬೇಕು" ಅಂದ. ಯಾವುದೋ ಮಾತ್ರೆ ಇರಬೇಕೆಂದು ನಾನು "ಊಟಕ್ಕೆ ಮುಂಚೆಯೋ ಆಮೇಲೋ?" ಎಂದು ಕೇಳಿದೆ.

ಅದು ಡೇವಿಡ್ ಅಲೆನ್ ಎಂಬ ಅಮೆರಿಕದ ಸಲಹೆಗಾರ 2001ರಲ್ಲಿ ಹೊರತಂದ 'ಗೆಟ್ಟಿಂಗ್ ಥಿಂಗ್ಸ್ ಡನ್' ಪುಸ್ತಕದ ಸಂಕ್ಷಿಪ್ತ ನಾಮ. ಭಕ್ತರು ಮೂರಕ್ಷರದಲ್ಲೇ ಜಪಿಸುವುದಂತೆ. ಅದರಲ್ಲಿ ಐದು ಮೆಟ್ಟಿಲು. ತಲೆಯಲ್ಲಿರುವುದನ್ನೆಲ್ಲ ಮೊದಲು ಒಂದು ಕಡೆ ಸುರಿಯುವುದು. ಒಂದೊಂದನ್ನೇ ಎತ್ತಿಕೊಂಡು, ಇದೇನು, ಇದಕ್ಕಾಗಿ ನಾನು ಮುಂದೆ ಕೈಯಾರೆ ಮಾಡಬೇಕಾದ ಕೆಲಸ ಯಾವುದು ಎಂದು ಕೇಳಿಕೊಳ್ಳುವುದು; ಎರಡು ನಿಮಿಷದೊಳಗೆ ಆಗುವಂಥದ್ದಾದರೆ ಅಲ್ಲೇ ಮಾಡಿ ಕೈತೊಳೆದುಕೊಳ್ಳುವುದು. ಮಿಕ್ಕದ್ದನ್ನು ಅದರದರ ಪಟ್ಟಿಗೆ ಹಾಕುವುದು. ವಾರಕ್ಕೊಮ್ಮೆ ಕೂತು ಎಲ್ಲ ಪಟ್ಟಿಗಳನ್ನೂ ತಿರುವಿ ನೋಡುವುದು. ಕಡೆಯದಾಗಿ, ಕೆಲಸ ಮಾಡುವುದು. ಪಟ್ಟಿಗಳೋ, ಒಂದೆರಡಲ್ಲ. ಫೋನಿನಲ್ಲಿ ಮುಗಿಸುವಂಥವು, ಪೇಟೆಗೆ ಹೋದಾಗ ಮಾಡುವಂಥವು, ಬೇರೆಯವರಿಂದ ಬರಬೇಕಾದಂಥವು, ಎಂದಾದರೊಂದು ದಿನ ಮಾಡೋಣ ಎಂಬಂಥವು. ಇಷ್ಟಲ್ಲದೆ 43 ಫೈಲುಗಳು. ತಿಂಗಳ 31 ದಿನಕ್ಕೆ 31, ವರ್ಷದ ತಿಂಗಳಿಗೆ 12. ಯಾವ ಕಾಗದ ಯಾವ ದಿನ ಬೇಕೋ ಆ ದಿನದ ಫೈಲಿನಲ್ಲಿ ಹಾಕಿಟ್ಟು, ದಿನಾ ಬೆಳಿಗ್ಗೆ ಅವತ್ತಿನದನ್ನು ತೆಗೆದು ನೋಡಬೇಕು.

"ಹೊಸಬರಿಗೆ ಸ್ವಲ್ಪ ಕಡಿಮೆ ಮಾಡಿ ಹೇಳೋಕಾಗಲ್ವೇನೋ?" ಎಂದೆ.

"ಇಲ್ಲ ಚಿಕ್ಕಮ್ಮ. ಮಾಡಿದರೆ ಪೂರ್ತಿ ಮಾಡಬೇಕು. ಅರ್ಧ ಮಾಡಿದರೆ ತಲೆ ಅದನ್ನು ನಂಬಲ್ಲ. ತಲೆ ನಂಬದಿದ್ದರೆ ಮತ್ತೆ ತಾನೇ ಹೊತ್ತುಕೊಂಡು ತಿರುಗುತ್ತೆ."

ಮಾತಿನಲ್ಲಿ ಹುರುಳಿತ್ತು. ದೇವರಾಜ ಅರಸ್ ರಸ್ತೆಗೆ ಹೋಗಿ 43 ರಟ್ಟಿನ ಫೈಲು ಕೊಂಡೆ. ಅಂಗಡಿಯವರು ಕಟ್ಟು ಕಟ್ಟುತ್ತ, "ಏನ್ ಮೇಡಂ, ಕಾಲೇಜಿಗೆ ನ್ಯಾಕ್ ಕಮಿಟಿ ಬರ್ತಿದೆಯಾ?" ಎಂದು ಕನಿಕರದಿಂದ ವಿಚಾರಿಸಿದರು.

ಮೊದಲ ವಾರ ಹಬ್ಬ. ಎರಡನೆಯ ವಾರ ವ್ರತ. ಮೂರನೆಯ ವಾರ, 17ನೇ ತಾರೀಖು, ನಾವು ಹಾಸನದಲ್ಲಿ ಮದುವೆಯೊಂದಕ್ಕೆ ಹೋಗಿದ್ದೆವು. ಅವತ್ತಿನ ಫೈಲು ತೆಗೆಯಲಿಲ್ಲ. ಅದರೊಳಗೆ ನೀರಿನ ಬಿಲ್ಲು ಇತ್ತು. ಮರುದಿನ 18ನೆಯದನ್ನು ತೆಗೆದೆ, ಶಿಸ್ತು ಅಂದರೆ ಶಿಸ್ತು. ನೀರಿನ ಬಿಲ್ಲು ಮುಂದಿನ ತಿಂಗಳ 17ಕ್ಕೆ ಸರಿಯಾಗಿ ದರ್ಶನ ಕೊಟ್ಟಿತು. ಹಿಂದಿನವರ ಕಡತ ಎಂದರೆ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಗೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. ತಪ್ಪಾದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಈಗಿನ ಕಡತಕ್ಕೆ ಆ ಕರುಣೆಯಿಲ್ಲ. ದೀಪಾವಳಿಯ ಹೊತ್ತಿಗೆ ನಾನು ಕೆಲಸ ಮಾಡುವುದು ಬಿಟ್ಟು ಪಟ್ಟಿಗಳ ಚಾಕರಿ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ನಮ್ಮ ಯಜಮಾನರು 31 ಫೈಲುಗಳನ್ನೂ ಅಟ್ಟಕ್ಕೆ ಸಾಗಿಸಿದರು. ಉಳಿದ 12ರಲ್ಲಿ ಮದುವೆ ಕರೆಯೋಲೆಗಳನ್ನಿಟ್ಟಿದ್ದೇನೆ, ತಿಂಗಳಿಗೊಂದು. ಅಷ್ಟರಮಟ್ಟಿಗೆ ಅಲೆನ್ ಮಹಾಶಯರ ಋಣ ನಮ್ಮ ಮೇಲಿದೆ.

ಸಂಕ್ರಾಂತಿಗೆ ಅಕ್ಕನ ಸೊಸೆ ಬಂದಳು. ಕೂಸಿನ ಮೊದಲ ಸಂಕ್ರಾಂತಿ, ಎಲಚಿಹಣ್ಣು ಎರೆಯುವ ಶಾಸ್ತ್ರ. ಶಾಸ್ತ್ರ ಮುಗಿದು ಎಳ್ಳು ಬೀರುವಾಗ ನನ್ನ ಸೋಲಿನ ಕಥೆ ಕೇಳಿ, "ಅವರದ್ದು ಯಾವಾಗಲೂ ಹೀಗೇ. ಎಲ್ಲಾನೂ ಒಂದೇ ಸಲ ಹೇರಿಬಿಡ್ತಾರೆ. ಹೊಸಬರಿಗೆ ಸರಳ ಮಾಡಿ ಕೊಡಬೇಕು ಚಿಕ್ಕಮ್ಮ" ಅಂದಳು. ಅವಳ ಗುರು ಬೇರೆ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಲಿಯೊ ಬಬೌಟ. ಅಲೆನ್ ಪದ್ಧತಿ ಭಾರವೆನ್ನುವವರಿಗಾಗಿ 2007ರಲ್ಲಿ 'ಝೆನ್ ಟು ಡನ್' ಎಂದು ಹತ್ತು ಅಭ್ಯಾಸಗಳ ಹಗುರ ಪಾಠ ಕಟ್ಟಿದವರು. ಹತ್ತನ್ನೂ ಒಟ್ಟಿಗೆ ಹಿಡಿಯಬೇಡಿ, ಒಂದೊಂದಾಗಿ ರೂಢಿ ಮಾಡಿಕೊಳ್ಳಿ ಎಂಬುದು ಅವರ ಬುದ್ಧಿವಾದ. ಹತ್ತೂ ಹೆಚ್ಚಾಯಿತು ಎನ್ನುವವರಿಗೆ ನಾಲ್ಕೇ ಉಳಿಸಿದ ಇನ್ನೂ ಕಿರಿದಾದ ಪಾಠವನ್ನೂ ಕೊಟ್ಟರು: ಸಂಗ್ರಹಿಸು, ವಿಂಗಡಿಸು, ಯೋಜಿಸು, ಮಾಡು. ನಮ್ಮ ಸೊಸೆ ನನ್ನ ಮುಖವನ್ನೊಮ್ಮೆ ನೋಡಿ ನಾಲ್ಕನ್ನು ಎರಡಕ್ಕಿಳಿಸಿದಳು. "ಬರೀರಿ, ಮಾಡಿ. ಅಷ್ಟೇ."

ಆಹಾ, ಎಷ್ಟು ಹಗುರ! ನೂರು ಪುಟದ ನೋಟ್‌ಬುಕ್ ತಂದೆ. ಬರೆದೆ, ಮಾಡಿದೆ, ಗೆರೆ ಎಳೆದೆ. ಗೆರೆ ಎಳೆಯುವ ಸುಖಕ್ಕಾಗಿ ಆಗಲೇ ಮುಗಿಸಿದ ಕೆಲಸವನ್ನೂ ಬರೆದು ಅಡ್ಡಗೆರೆ ಹಾಕಿದ್ದುಂಟು. ಓದುಗರೂ ಹಾಗೆ ಮಾಡಿರುತ್ತೀರಿ, ಸುಮ್ಮನೆ ನಗಬೇಡಿ. ಆದರೆ ಗೆರೆ ಬೀಳುತ್ತಿದ್ದದ್ದು ಸಣ್ಣಪುಟ್ಟದ್ದಕ್ಕೆ ಮಾತ್ರ. ಕರಿಬೇವು ತರುವುದಕ್ಕೆ ಬೀಳುತ್ತಿತ್ತು, ಗೀಸರಿಗೆ ಬೀಳುತ್ತಿರಲಿಲ್ಲ. ಯುಗಾದಿಯ ಹೊತ್ತಿಗೆ ಪಟ್ಟಿ 112ಕ್ಕೆ ಮುಟ್ಟಿತು. ಒಂಬತ್ತನೆಯದು, "ಅಮ್ಮನ ಫೋಟೊಗೆ ಕಟ್ಟು ಹಾಕಿಸುವುದು", ಮೊದಲ ದಿನ ಬರೆದದ್ದು ಹಾಗೇ ಕೂತಿತ್ತು. ಪುಟ ತಿರುವಿದಾಗಲೆಲ್ಲ ಅದು ನನ್ನನ್ನು ನೋಡುತ್ತಿತ್ತು, ನಾನು ಅದನ್ನು ನೋಡುತ್ತಿರಲಿಲ್ಲ. ಪುಸ್ತಕ ಮೇಜಿನಿಂದ ಷೆಲ್ಫಿಗೆ ಹೋಯಿತು, ಷೆಲ್ಫಿನಿಂದ ಮಿಕ್ಸಿಯ ಹಿಂದಕ್ಕೆ.

ಬ್ಲೂಮಾ ಜೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ ಬರ್ಲಿನ್ನಿನಲ್ಲಿ ಪ್ರಯೋಗ ಮಾಡಿ 1927ರಲ್ಲಿ ಪ್ರಕಟಿಸಿದ ಪ್ರಬಂಧ ಮನಶ್ಶಾಸ್ತ್ರದವರಿಗೆಲ್ಲ ಗೊತ್ತು. ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಲ್ಲಿಸಿದ ಕೆಲಸ ಹೆಚ್ಚು ನೆನಪಿರುತ್ತದೆ ಎಂಬುದು ಅದರ ಸಾರ. ಹೋಟೆಲಿನ ಮಾಣಿಗೆ ಬಿಲ್ಲು ಬಾಕಿಯಿರುವವರೆಗೆ ಯಾವ ಟೇಬಲ್ಲಿಗೆ ಏನು ಕೊಟ್ಟೆನೆಂಬುದು ಬಾಯಿಪಾಠವಾಗಿದ್ದು, ದುಡ್ಡು ಬಂದೊಡನೆ ಮರೆತುಹೋಗುವುದನ್ನು ಗಮನಿಸಿದ್ದೇ ಆ ಪ್ರಯೋಗಕ್ಕೆ ದಾರಿಯಾಯಿತು ಎನ್ನುವ ಕಥೆಯೂ ಇದೆ. ಅದನ್ನು ಓದಿದಾಗ ನನಗೆ ಮಿಕ್ಸಿಯ ಹಿಂದಿನ ಪುಸ್ತಕ ನೆನಪಾಯಿತು. ಒಳಗೆ 112 ಟೇಬಲ್ಲು, ಒಬ್ಬಳೇ ಮಾಣಿ.

ಯುಗಾದಿಗೆ ಗಂಡಹೆಂಡತಿ ಇಬ್ಬರೂ ಬಂದರು. ಒಬ್ಬಟ್ಟಿನ ಮೇಲೆ ತುಪ್ಪ ಬೀಳುತ್ತಿದ್ದ ಹಾಗೇ ನನ್ನ ವಿಷಯಕ್ಕೆ ಜಗಳ ಶುರುವಾಯಿತು.

"ಐದು ತಿಂಗಳ ಕೂಸಿಗೆ ಬಿಸಿಬೇಳೆಬಾತ್ ತಿನ್ನಿಸ್ತಾರಾ? ಮೊದಲು ಹಾಲು, ಆಮೇಲೆ ರಾಗಿ ಸರಿ. ನೀವು ಚಿಕ್ಕಮ್ಮನಿಗೆ 43 ಫೈಲು ತಿನ್ನಿಸಿದ್ರಿ" ಎಂದಳು ಅವಳು.

"ಡಾಕ್ಟ್ರು ಐದು ದಿನದ ಮಾತ್ರೆ ಬರೆದುಕೊಟ್ಟರೆ ಹೊಸ ಪೇಷೆಂಟ್ ಅಂತ ಎರಡು ದಿನಕ್ಕೆ ಬಿಟ್ಟುಬಿಡೋಕಾಗುತ್ತಾ? ನೀನು ಕೊಟ್ಟಿದ್ದು ಬರೀ ಪಟ್ಟಿ. ಪಟ್ಟಿ ಎಲ್ಲರ ಮನೇಲೂ ಇದೆ. ವಾರಕ್ಕೊಮ್ಮೆ ಕೂತು ನೋಡೋದನ್ನೇ ಕಿತ್ತುಹಾಕಿದೆಯಲ್ಲ" ಎಂದ ಅವನು.

"ಓಹೋ. ನೀವು ವಾರಕ್ಕೊಮ್ಮೆ ಕೂತು ನೋಡಿ ಎಷ್ಟು ದಿನ ಆಯ್ತು ಹೇಳಿ?"

ಅವನು ಒಬ್ಬಟ್ಟಿನ ಅಂಚು ಮುರಿದ. "ಮಗು ಹುಟ್ಟಿದ ಮೇಲೆ ಆಗಿಲ್ಲ."

ಎಲ್ಲರೂ ನಕ್ಕೆವು. ಆದರೆ ಮಾತು ನನ್ನೊಳಗೆ ಉಳಿಯಿತು. ಅವನು ಹೇಳಿದಂತೆ ಪೂರ್ತಿ ಮಾಡಿ ಸೋತೆ, ಅವಳು ಹೇಳಿದಂತೆ ಸರಳ ಮಾಡಿ ಸೋತೆ. ಇಬ್ಬರ ವಾದವೂ ಸರಿಯಾಗಿದ್ದು, ಎರಡು ದಾರಿಯೂ ಮಿಕ್ಸಿಯ ಹಿಂದಕ್ಕೆ ಹೋಗುವುದಾದರೆ ಎಲ್ಲೋ ಒಂದು ಮಾತು ಬಿಟ್ಟುಹೋಗಿರಬೇಕು.

ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿಯ ಸರಳೆ ವರಸೆ ಕೇಳಿಬಂತು. ಎಂಟು ವರ್ಷದವಳು, ಅದರ ಹಿಂದಿನ ವಿಜಯದಶಮಿಗೆ ಪಾಠಕ್ಕೆ ಸೇರಿದ್ದಳು. ಮಾಯಾಮಾಳವಗೌಳದಲ್ಲಿ ಸ ರಿ ಗ ಮ ಪ ದ ನಿ ಸ ಎಂದು ಏರಿ, ಅದೇ ದಾರಿಯಲ್ಲಿ ಇಳಿದು, ಷಡ್ಜಕ್ಕೆ ಬಂದು ನಿಂತಳು. ಇವರಿಗೆ ಕಚೇರಿ ಕೇಳುವ ಚಟ. ಎಲೆಯಿಂದ ತಲೆಯೆತ್ತದೆ, "ಪಾಠವನ್ನು ಹೀಗೆ ಜೋಡಿಸಿದ್ದು ಪುರಂದರದಾಸರು ಅಂತಾರೆ. ಹೊಸಬರಿಗೆ ಅಂತ ರಾಗದಲ್ಲಿ ಎರಡು ಸ್ವರ ಕಿತ್ತು ಕೊಟ್ಟಿಲ್ಲ ನೋಡಿ. ಏಳೂ ಇದೆ. ಹದಿನೈದನೇ ಮೇಳಕರ್ತ, ಸಂಪೂರ್ಣ ರಾಗ. ಆದರೆ ಗಮಕ ಇಲ್ಲ, ಸಂಗತಿ ಇಲ್ಲ, ಒಂದು ಏರು, ಒಂದು ಇಳಿ" ಅಂದರು. ಆಮೇಲೆ ಮಜ್ಜಿಗೆ ಕೇಳಿದರು. ತಾವೇನು ಹೇಳಿದೆವೆಂದು ಅವರಿಗೇ ಗೊತ್ತಿರಲಿಲ್ಲ.

ನನಗೆ ಗೊತ್ತಾಯಿತು. ಆ ರಾಗದ ಪೂರ್ವಾಂಗದಲ್ಲಿ ಸ್ವರಗಳ ನಡುವೆ ಎಷ್ಟೆಷ್ಟು ಅಂತರವೋ ಉತ್ತರಾಂಗದಲ್ಲೂ ಅಷ್ಟಷ್ಟೇ. ಹಾಗಾಗಿ ಕಲಿಯುವವರಿಗೆ ಅದು ಸುಲಭ, ಆದರೆ ಏನೂ ಖೋತಾ ಇಲ್ಲ. ಮೊದಲ ಪಾಠದ ಮೊದಲ ಸಾಲೇ ಹೋಗುವುದನ್ನೂ ಹಿಂದಿರುಗುವುದನ್ನೂ ಕಲಿಸುತ್ತದೆ. ಬರೀ ಆರೋಹಣವನ್ನು ಆರು ತಿಂಗಳು ಕಲಿಸಿ, ಅವರೋಹಣ ಕಷ್ಟ, ಮುಂದೆ ನೋಡೋಣ ಎಂದಿದ್ದರೆ ಆ ಮಗು ತಾರಸ್ಥಾಯಿಯಲ್ಲೇ ನೇತಾಡುತ್ತಿತ್ತು, ನನ್ನ 112ರ ಹಾಗೆ.

ಹೀಗೆ ಯೋಚಿಸುತ್ತ ಎಲೆ ಎತ್ತುವಾಗ ಅಪ್ಪ ನೆನಪಾದರು.

ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು. ಗಾದಿಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು, ಎದುರಿನ ಗಿಡ್ಡ ಡೆಸ್ಕಿನ ಮೇಲೆ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕ ಬಿಚ್ಚಿಕೊಂಡು ಬರೆಯುವುದು ಅವರ ಜನ್ಮದ ಕೆಲಸ. ಕಿರ್ದಿ ಎಂದರೆ ದಿನವಹಿ. ಬಂದದ್ದು ಬಂದ ಹಾಗೆ, ಹೋದದ್ದು ಹೋದ ಹಾಗೆ, ಆ ಕ್ಷಣವೇ ಬರೆಯುವುದು. ಆಮೇಲೆ ಅದರಿಂದ ಒಬ್ಬೊಬ್ಬ ರೈತನ, ಒಬ್ಬೊಬ್ಬ ವ್ಯಾಪಾರಿಯ ಹೆಸರಿನ ಖಾತೆಗೆ ಎತ್ತಿ ಬರೆಯುವುದು. ಸಂಜೆ ಬೆಳಗಿನ ಶಿಲ್ಕಿಗೆ ಜಮಾ ಕೂಡಿಸಿ, ಖರ್ಚು ಕಳೆದು, ಆಖೈರು ಶಿಲ್ಕು ಬರೆದು, ಗಲ್ಲಾಪೆಟ್ಟಿಗೆಯ ದುಡ್ಡು ಎಣಿಸಿ ತಾಳೆ ನೋಡುವುದು. ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿಲ್ಲ. ಮರುದಿನದ ಪುಟದ ಮೊದಲ ಸಾಲು ಆ ಶಿಲ್ಕೇ. ಅಲೆನ್ ಹೇಳುವ ಐದು ಮೆಟ್ಟಿಲನ್ನು ಅಪ್ಪ ಯಾವ ಪುಸ್ತಕವನ್ನೂ ಓದದೆ ದಿನಾ ಹತ್ತಿ ಇಳಿಯುತ್ತಿದ್ದರು.

ಮಂಡಿಗೆ ಹೊಸ ಹುಡುಗ ಸೇರಿದರೆ ಅವನಿಗೆ ಅಪ್ಪ ದೊಡ್ಡ ಕಿರ್ದಿ ಮುಟ್ಟಲು ಬಿಡುತ್ತಿರಲಿಲ್ಲ. ಇಪ್ಪತ್ತು ರೂಪಾಯಿ, ಒಂದು ಸಣ್ಣ ಪುಸ್ತಕ ಕೊಡುತ್ತಿದ್ದರು. ಹಮಾಲಿ, ಗಾಡಿ ಬಾಡಿಗೆ, ರೈತರಿಗೆ ತರಿಸಿದ ಚಹಾ, ಇಷ್ಟೇ ಅವನ ವ್ಯವಹಾರ. ಆದರೆ ಆ ಇಪ್ಪತ್ತು ರೂಪಾಯಿಗೂ ಬೆಳಗಿನ ಶಿಲ್ಕು, ಜಮಾ, ಖರ್ಚು, ಆಖೈರು ಶಿಲ್ಕು. ನಾನು ಅಪ್ಪನಿಗೆ ಊಟದ ಡಬ್ಬಿ ಕೊಡಲು ಹೋದ ಒಂದು ಸಂಜೆ ಅಂಥ ಹುಡುಗನೊಬ್ಬನಿಗೆ 35 ಪೈಸೆ ಕಮ್ಮಿ ಬಂದು ಅಳುವುದೊಂದು ಬಾಕಿ. ಒಂದು ಗಂಟೆಯಿಂದ ಹುಡುಕಿಸುತ್ತಿದ್ದರಂತೆ. "ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ ಸಾರ್" ಅಂದ. ಅಪ್ಪ, "35 ಪೈಸೆ ನನ್ನ ಜೇಬಲ್ಲೂ ಇದೆಯಪ್ಪ. ಅದು ಎಲ್ಲಿ ಹೋಯ್ತು ಅಂತ ಗೊತ್ತಿಲ್ಲದೆ ನಾಳೆ ಬೆಳಿಗ್ಗೆ ಹೊಸ ಪುಟ ಹೇಗೆ ತೆಗೀತೀಯ?" ಅಂದರು. ಆಮೇಲೆ ಹುಡುಗನಿಗೆ ಹೊಳೆಯಿತು. ಅವನೇ ಕುಡಿದ ಚಹಾ ಬರೆದಿರಲಿಲ್ಲ.

ನಾನು ಕಾಲೇಜಿನಲ್ಲಿ ಮಾಡುವುದೂ ಅದನ್ನೇ. ಮೊದಲ ವರ್ಷದ ಮಕ್ಕಳಿಗೆ ಡೆಬಿಟ್ ಈ ವರ್ಷ, ಕ್ರೆಡಿಟ್ ಮುಂದಿನ ವರ್ಷ ಎಂದು ಹೇಳುವುದಿಲ್ಲ. ಐದೇ ಐದು ವ್ಯವಹಾರ ಕೊಡುತ್ತೇನೆ. ರಾಮು ಹತ್ತು ಸಾವಿರ ಬಂಡವಾಳ ಹಾಕಿದ, ಸರಕು ಕೊಂಡ, ಮಾರಿದ, ಬಾಡಿಗೆ ಕೊಟ್ಟ, ಸೋಮುವಿಗೆ ಉದ್ದರಿ ಕೊಟ್ಟ. ಅಷ್ಟನ್ನೇ ಜರ್ನಲ್ಲಿಗೆ, ಲೆಡ್ಜರಿಗೆ, ಅಲ್ಲಿಂದ ಟ್ರಯಲ್ ಬ್ಯಾಲೆನ್ಸಿಗೆ ತಂದು ಎರಡು ಕಡೆಯ ಮೊತ್ತ ಸರಿ ಬರುವವರೆಗೆ ಬಿಡುವುದಿಲ್ಲ. ಮೊತ್ತ ಕೂಡಿದಾಗ ಕಡೆಯ ಬೆಂಚಿನಲ್ಲೂ ಒಂದು ಮುಖ ಅರಳುತ್ತದೆ. ಇಪ್ಪತ್ತೆಂಟು ವರ್ಷದಿಂದ ಬಾಯಿ ನೋಯುವಂತೆ ಹೇಳಿದ ಪಾಠ ಮನೆಯ ಫ್ರಿಜ್ಜಿನವರೆಗೆ ಬಂದಿರಲಿಲ್ಲ.

ಹೊಸಬರಿಗೆ ಸರಳ ಮಾಡಬೇಕೆ ಎಂದು ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧವಿದೆ. ಚಿಕ್ಕದು ಮಾಡಿ ಕೊಡಿ, ಮೊಟಕು ಮಾಡಿ ಕೊಡಬೇಡಿ. ಮೂರು ಚುಕ್ಕಿಯ ರಂಗೋಲಿಯೂ ರಂಗೋಲಿಯೇ, ಇಪ್ಪತ್ತೊಂದು ಚುಕ್ಕಿಯದನ್ನು ಅರ್ಧಕ್ಕೆ ಬಿಟ್ಟರೆ ಬರೀ ಹಿಟ್ಟು. ಸರಳ ಮಾಡುವವರು ಸಾಮಾನ್ಯವಾಗಿ ಮೊದಲು ಕತ್ತರಿಸುವುದು ಬೇಸರ ತರಿಸುವ ಭಾಗವನ್ನು, ಅಂದರೆ ಸಂಜೆ ಕೂತು ತಾಳೆ ನೋಡುವುದನ್ನು. ಬಬೌಟ ಅವರ ಹತ್ತು ಅಭ್ಯಾಸಗಳಲ್ಲಿ ವಾರದ ಅವಲೋಕನ ಉಂಟು, ನಾಲ್ಕಕ್ಕಿಳಿದಾಗ ಅದು ಇಲ್ಲ. ಬರೆಯುವುದು ಎಲ್ಲರಿಗೂ ಇಷ್ಟ, ಬರೆದದ್ದನ್ನು ಎದುರಿಸುವುದು ಯಾರಿಗೂ ಇಷ್ಟವಿಲ್ಲ. ಅಮ್ಮನ ಗಂಟು ಕೈಕೊಟ್ಟದ್ದೂ ಇಲ್ಲಿಯೇ. ಗಂಟು ಹಾಕಲು ಸೆರಗು ಇತ್ತು, ದಿನಕ್ಕೊಮ್ಮೆ ಅದನ್ನು ಮುಟ್ಟಿ ನೋಡಿ, ಇದು ಅತ್ತೆಯದು, ಇದು ಹಾಲಿನವನದು ಎಂದು ಹೇಳಿಕೊಳ್ಳುವ ಹೊತ್ತೊಂದು ಇರಲಿಲ್ಲ.

ಈ ಗುಟ್ಟು ತಿಳಿದವರು ಅಲ್ಲಲ್ಲಿ ಇದ್ದಾರೆ. ನ್ಯೂಯಾರ್ಕಿನ ವಿನ್ಯಾಸಕಾರ ರೈಡರ್ ಕ್ಯಾರಲ್ 2013ರಲ್ಲಿ ಜಗತ್ತಿಗೆ ತೋರಿಸಿದ ಬುಲೆಟ್ ಜರ್ನಲ್ಲಿಗೆ ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಪೆನ್ನು. ಚಿಕ್ಕಂದಿನಿಂದ ಗಮನ ನಿಲ್ಲದೆ ಒದ್ದಾಡಿದ ಆತ ತನಗಾಗಿ ಕಟ್ಟಿಕೊಂಡ ಪದ್ಧತಿ ಅದು. ಅದರಲ್ಲಿ ತಿಂಗಳ ಕೊನೆಗೆ ಉಳಿದ ಕೆಲಸಗಳನ್ನು ಮುಂದಿನ ತಿಂಗಳಿಗೆ ಕೈಯಾರೆ ಬರೆದುಕೊಳ್ಳಬೇಕು. ಫೋನಾದರೆ ತಾನೇ ಮುಂದೂಡುತ್ತದೆ. ಕೈಯಲ್ಲಿ ಮತ್ತೆ ಬರೆಯಲು ಬೇಜಾರಾಗುವ ಕೆಲಸ ಬಹುಶಃ ಮಾಡಬೇಕಾದ ಕೆಲಸವೇ ಅಲ್ಲ ಎಂದು ಗೊತ್ತಾಗಲಿ ಎಂದೇ ಆ ಶ್ರಮ. ಕ್ಯಾರಲ್ ಮಹಾಶಯರಿಗೆ ಅಪ್ಪನ ಮಂಡಿಯಲ್ಲಿ ಕೆಲಸ ಖಾತ್ರಿ ಸಿಗುತ್ತಿತ್ತು.

ಚಿಕ್ಕದಾಗಿ ಹಿಡಿಯುವುದರಲ್ಲೂ ಅತಿ ಮಾಡಬಹುದು. ಹದಿನೆಂಟನೆಯ ಶತಮಾನದ ಬೆಂಜಮಿನ್ ಫ್ರಾಂಕ್ಲಿನ್ ತನ್ನ ನಡತೆ ತಿದ್ದಿಕೊಳ್ಳಲು 13 ಸದ್ಗುಣಗಳ ಪಟ್ಟಿ ಮಾಡಿದ. ಮೊದಲು ಹನ್ನೆರಡೇ ಇದ್ದವಂತೆ. ನಿನಗೆ ಜಂಬ ಜಾಸ್ತಿ ಎಂದು ಗೆಳೆಯನೊಬ್ಬ ಹೇಳಿದ್ದರಿಂದ ವಿನಯವೂ ಸೇರಿತು. ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಕೈ ಜಾರುತ್ತದೆಂದು ವಾರಕ್ಕೊಂದು ಗುಣ, 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ತಪ್ಪಿದಾಗಲೆಲ್ಲ ಪುಟ್ಟ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕಿ. ಎಷ್ಟು ಅಚ್ಚುಕಟ್ಟು ನೋಡಿ. ಆದರೂ 'ಪ್ರತಿ ವಸ್ತುವಿಗೆ ಅದರ ಜಾಗ, ಪ್ರತಿ ಕೆಲಸಕ್ಕೆ ಅದರ ಹೊತ್ತು' ಎಂಬ ಗುಣವಂತೂ ಕೊನೆಯವರೆಗೆ ಒಲಿಯಲಿಲ್ಲ ಎಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಅಲ್ಲೇ ಒಂದು ಕಥೆ. ಒಬ್ಬನಿಗೆ ತನ್ನ ಕೊಡಲಿ ಬಾಯಿಂದ ಬುಡದವರೆಗೂ ಫಳಫಳ ಹೊಳೆಯಬೇಕೆಂದು ಆಸೆ. ನೀನು ಸಾಣೆಕಲ್ಲು ತಿರುಗಿಸುವುದಾದರೆ ಉಜ್ಜಿಕೊಡುತ್ತೇನೆಂದ ಕಮ್ಮಾರ. ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋಗಿ, ಚುಕ್ಕಿಚುಕ್ಕಿಯಾಗಿದ್ದ ಕೊಡಲಿ ಎತ್ತಿಕೊಂಡು, ನನಗೆ ಚುಕ್ಕಿಯ ಕೊಡಲಿಯೇ ಚೆಂದ ಎಂದು ಹೊರಟನಂತೆ. ಫ್ರಾಂಕ್ಲಿನ್ ಅವನನ್ನು ನೋಡಿಯೂ ನಗುತ್ತಾನೆ, ತನ್ನನ್ನು ನೋಡಿಯೂ ನಗುತ್ತಾನೆ. ನಾನಂತೂ ಕೊಡಲಿಯವನ ಕಡೆ. ಬಾಯಿ ಹರಿತವಾಗಿದ್ದರೆ ಸೌದೆ ಸೀಳಬಹುದು, ಬುಡ ಹೊಳೆಯದಿದ್ದರೆ ನಷ್ಟವೇನು?

ಈಗ ನನ್ನ ಏರ್ಪಾಡು ಇಷ್ಟು. ದಿನಕ್ಕೊಂದು ಪುಟ, ಪುಟಕ್ಕೆ ಐದು ಬಾಬ್ತು. ರಾತ್ರಿ ಪಾತ್ರೆ ತೊಳೆದಾದ ಮೇಲೆ ಹತ್ತು ನಿಮಿಷ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಪುಟ ಮುಗಿಸುತ್ತೇನೆ. ಆದದ್ದು ಆಯಿತು. ಆಗದ್ದು ಆಖೈರು ಶಿಲ್ಕು, ನಾಳೆಯ ಮೊದಲ ಸಾಲು. ಮೂರು ದಿನ ಅದೇ ಬಾಬ್ತು ಶಿಲ್ಕಾಗಿ ಬಂದರೆ ಅಲೆನ್ ಅವರ ಪ್ರಶ್ನೆ ಕೇಳುತ್ತೇನೆ: ಇದಕ್ಕೆ ಕೈಯಾರೆ ಮಾಡಬೇಕಾದ ಮೊದಲ ಕೆಲಸ ಯಾವುದು? ಹೀಗೆ ಕೇಳಿದಾಗಲೇ "ಗೀಸರ್" ಎಂಬುದು "ಬೀರುವಿನಲ್ಲಿ ವಾರಂಟಿ ಕಾರ್ಡು ಹುಡುಕುವುದು" ಎಂದಾಯಿತು. ಹುಡುಕಿದೆ, ಸಿಕ್ಕಿತು, ವಾರಂಟಿ ಮುಗಿದು ಎಂಟು ತಿಂಗಳಾಗಿತ್ತು. ಆದರೇನು, ಗೆರೆ ಬಿತ್ತು.

ಪುಸ್ತಕದ ಕೊನೆಯ ಹಾಳೆಗೆ "ಅಟ್ಟ" ಎಂದು ಹೆಸರಿಟ್ಟಿದ್ದೇನೆ. ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿಗಾಗಿ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಹಾಕಿಡುತ್ತಾರೆ. ಅವಸರ ಮಾಡಿದರೆ ಕೆಡುತ್ತದೆ. ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಕರಟ ಬಿಡಬೇಕು. ಬಿಟ್ಟಿದೆಯೋ ಇಲ್ಲವೋ ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಣಗಿದ್ದರೆ ಒಳಗೆ ಲೊಟಲೊಟ ಎನ್ನುತ್ತದೆ. ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ ಎಂಬಂಥ ಕೆಲಸಗಳೆಲ್ಲ ಅಟ್ಟದ ಹಾಳೆಯಲ್ಲಿವೆ. ಭಾನುವಾರ ಕಾಫಿ ಕುಡಿಯುತ್ತ ಒಂದೊಂದನ್ನೇ ಅಲ್ಲಾಡಿಸಿ ನೋಡುತ್ತೇನೆ.

ಅಮ್ಮನ ಫೋಟೊ ಆ ಹಾಳೆಯಲ್ಲಿ ಬಹಳ ದಿನ ಇತ್ತು. ಮೊನ್ನೆ ಆಷಾಢದಲ್ಲಿ ಅಲ್ಲಾಡಿಸಿದಾಗ ಸದ್ದು ಬಂತು. ಕಟ್ಟು ಹಾಕಿಸುವುದು ಮೊದಲ ಕೆಲಸವಾಗಿರಲೇ ಇಲ್ಲ. ಯಾವ ಫೋಟೊ ಎಂಬುದೇ ತೀರ್ಮಾನವಾಗಿರಲಿಲ್ಲ. ಅಮ್ಮ ಒಬ್ಬಳೇ ಇರುವುದೆಂದರೆ ಮತದಾರರ ಗುರುತಿನ ಚೀಟಿಯದೊಂದು, ಅದರಲ್ಲಿ ಯಾರದೋ ತಪ್ಪಿಗೆ ಸಿಕ್ಕಿಬಿದ್ದವಳ ಹಾಗಿದ್ದಾಳೆ. ಅದು ಬೇಡ ಎಂದು ಮನಸ್ಸಿನಲ್ಲಿತ್ತು, ಬೇರೆ ಯಾವುದು ಎಂದು ಟ್ರಂಕು ತೆಗೆದು ನೋಡುವ ಧೈರ್ಯವಿರಲಿಲ್ಲ. ಪಟ್ಟಿಯಲ್ಲಿ ಒಂಬತ್ತನೆಯದಾಗಿ ಕೂತು ನನ್ನನ್ನು ಅಷ್ಟು ದಿನ ನೋಡಿದ್ದು ಆ ಟ್ರಂಕು. ಅವತ್ತಿನ ಬಾಬ್ತು ಬರೆದೆ: "ಟ್ರಂಕು ತೆಗೆಯುವುದು." ಅಷ್ಟೇ, ಮುಂದಿನದು ನಾಳೆಗೆ.

ಅಕ್ಕನ ಮದುವೆಯ ಫೋಟೊ ಸಿಕ್ಕಿತು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಅಮ್ಮ ಒಬ್ಬಳು ಅಡುಗೆಮನೆಯ ಕಡೆ ಅರ್ಧ ತಿರುಗಿ, ಯಾರಿಗೋ ಏನೋ ಹೇಳುತ್ತಿದ್ದಾಳೆ. ಸ್ಟುಡಿಯೋದ ಹುಡುಗ ಅವಳನ್ನಷ್ಟೇ ಬಿಡಿಸಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದ. ಕಲೆಗಳನ್ನು ತೆಗೆದ, ಹಿಂದಿನ ಚಪ್ಪರದ ಕಂಬ ಅಳಿಸಿದ. ಆಮೇಲೆ ಸೆರಗಿನ ತುದಿಗೆ ಬಾಣ ತಂದು ನಿಲ್ಲಿಸಿ, "ಮೇಡಂ, ಇಲ್ಲೇನೋ ಗಂಟಿದೆ. ತೆಗೆದುಬಿಡ್ಲಾ? ನೀಟಾಗಿ ಬರುತ್ತೆ" ಎಂದು ಕೇಳಿದ.

ಹತ್ತಿರ ಬಗ್ಗಿ ನೋಡಿದೆ. ಒಂದಲ್ಲ, ಎರಡು ಗಂಟು.

"ಬೇಡಪ್ಪ" ಎಂದೆ. "ಅದು ಬಾಕಿ ಇರೋದು."